ಬಿಸಿಲಿಗೆ ಬಿಲ್ಲಿಲ್ಲ, ಖರ್ಚು ಮಾತ್ರ ಇಳಿಯುತ್ತಿಲ್ಲ ಏಕೆ?

ಪ್ರಶ್ನೆ: ನಮ್ಮ ಮೈಕ್ರೋಗ್ರಿಡ್‌ನಲ್ಲಿ (ನಮ್ಮದೇ ಸಣ್ಣ ವಿದ್ಯುತ್ ಜಾಲ) ಸೋಲಾರ್, ಬ್ಯಾಟರಿ, ಡೀಸೆಲ್ ಜನರೇಟರ್ ಮೂರೂ ಇವೆ. ಮಧ್ಯಾಹ್ನ ಸೋಲಾರ್ ವಿದ್ಯುತ್ ವ್ಯರ್ಥ, ರಾತ್ರಿ ಡೀಸೆಲ್ ಖರ್ಚು. ಇನ್ನಷ್ಟು ಬ್ಯಾಟರಿ ಹಾಕೋಣವೇ?

ಉತ್ತರ: ಸ್ವಲ್ಪ ತಡೆಯಿರಿ. ಬ್ಯಾಟರಿಯಿಂದ ಬರುವ ಪ್ರತಿ ಯೂನಿಟ್‌ಗೂ ಬೆಲೆಯಿದೆ, ಬಿಲ್ಲಿನಲ್ಲಿ ಕಾಣುವುದಿಲ್ಲ ಅಷ್ಟೇ. 10 ಯೂನಿಟ್ ಕೊಡುವ ಬ್ಯಾಟರಿ 4,000 ಸಲ ತುಂಬಿ ಬರಿದಾಗುತ್ತದೆ ಎಂದಿಟ್ಟುಕೊಳ್ಳಿ. ಅದರ ಆಯುಸ್ಸಿನಲ್ಲಿ ಸಿಗುವುದು ಹೆಚ್ಚೆಂದರೆ 40,000 ಯೂನಿಟ್. ಹಳತಾದಂತೆ ಸಾಮರ್ಥ್ಯ ಕುಗ್ಗುವುದರಿಂದ ನಿಜದಲ್ಲಿ ಇನ್ನೂ ಕಡಿಮೆ. ಬ್ಯಾಟರಿಯ ಬೆಲೆಯನ್ನು ಇದರಿಂದ ಭಾಗಿಸಿ. ಬಂದ ಅಂಕಿ ಡೀಸೆಲ್ ಯೂನಿಟ್‌ನ ಖರ್ಚಿಗಿಂತ ಕೆಳಗಿದ್ದರೆ ಮುಂದುವರಿಯಿರಿ. ಇದೂ ಬ್ಯಾಟರಿ ದಿನಾ ದುಡಿದರೆ ಮಾತ್ರ. ವರ್ಷದಲ್ಲಿ ನಾಲ್ಕಾರು ಮೋಡದ ದಿನಗಳಿಗೆಂದು ಕೊಂಡದ್ದು ಸುಮ್ಮನೆ ಕೂತೂ ಸವೆಯುತ್ತದೆ, ಹಾಕಿದ ಹಣ ಹುಟ್ಟುವುದಿಲ್ಲ.

ಅದಕ್ಕೂ ಮೊದಲು, ರಾತ್ರಿಯ ಯಾವ ಕೆಲಸವನ್ನು ಹಗಲಿಗೆ ತರಬಹುದು ನೋಡಿ. ನೀರಿನ ಪಂಪು, ಹಿಟ್ಟಿನ ಗಿರಣಿ, ವಾಹನಗಳ ಚಾರ್ಜಿಂಗ್. ಮಧ್ಯಾಹ್ನ ಮೇಲಿನ ಟ್ಯಾಂಕಿಗೆ ಏರಿಸಿದ ನೀರು ರಾತ್ರಿ ತಾನಾಗಿ ಇಳಿಯುತ್ತದೆ. ಒಂದು ಟೈಮರ್ ಸಾಕು. ಮಧ್ಯಾಹ್ನದ ಯೂನಿಟ್‌ಗೆ ದರ ಕಡಿಮೆ ಮಾಡಿದರೆ ಬಳಕೆದಾರರೇ ಹೊತ್ತು ಬದಲಿಸಿಕೊಳ್ಳುತ್ತಾರೆ. ಇಷ್ಟಾದ ಮೇಲೂ ಸ್ವಲ್ಪ ಬಿಸಿಲು ಉಳಿದರೆ ಉಳಿಯಲಿ ಬಿಡಿ. ಪ್ಯಾನೆಲ್‌ಗಳು ಇಷ್ಟು ಅಗ್ಗವಾಗಿರುವಾಗ, ಅವುಗಳ ಕೊನೆಯ ಯೂನಿಟ್ಟನ್ನೂ ಹಿಡಿದಿಡುವ ಹಟವೇ ದುಬಾರಿ.

ಜನರೇಟರ್ ಓಡಿಸುವ ಕ್ರಮದಲ್ಲಿ ಹಣ ಸೋರುವುದು ಜಾಸ್ತಿ, ಯಾರೂ ಗಮನಿಸುವುದಿಲ್ಲ. ಒಳ್ಳೆಯ ಲೋಡ್, ಅಂದರೆ ಜನರೇಟರಿನ ಸಾಮರ್ಥ್ಯಕ್ಕೆ ತಕ್ಕಷ್ಟು ಬಳಕೆ, ಇದ್ದರೆ ಲೀಟರ್ ಡೀಸೆಲ್‌ಗೆ ಸುಮಾರು 3ರಿಂದ 3.5 ಯೂನಿಟ್ ಸಿಗುತ್ತದೆ. ಲೋಡ್ ಶೇ 30ಕ್ಕಿಂತ ಕೆಳಗಿಳಿದರೆ ಆ ಲೆಕ್ಕ ಕುಸಿಯುತ್ತದೆ. ಪೂರ್ತಿ ಉರಿಯದ ಡೀಸೆಲ್ ಎಂಜಿನ್ನಿನಲ್ಲಿ ಮಸಿಕಟ್ಟಿ ರಿಪೇರಿ ಖರ್ಚನ್ನೂ ತರುತ್ತದೆ. ನಾಲ್ಕು ದೀಪಕ್ಕೆಂದು ದೊಡ್ಡ ಜನರೇಟರನ್ನು ಬೆಳಗಿನವರೆಗೆ ಓಡಿಸುವ ಬದಲು, ಕೆಲವು ತಾಸು ಶೇ 70–80ರ ಲೋಡಿನಲ್ಲಿ ಓಡಿಸಿ, ಮಿಕ್ಕಿದ್ದನ್ನು ಈಗಿರುವ ಬ್ಯಾಟರಿಗೆ ತುಂಬಿಸಿ, ಆಫ್ ಮಾಡಿ. ಲಿಥಿಯಂ ಬ್ಯಾಟರಿಯಲ್ಲಿ ತುಂಬಿಸಿ ತೆಗೆಯುವಾಗ ಶೇ 10ರಷ್ಟು ನಷ್ಟವಾದರೂ ಸಾಮಾನ್ಯವಾಗಿ ಇದೇ ಲಾಭ. ಲೆಡ್-ಆಸಿಡ್ ಆದರೆ ನಷ್ಟ ಹೆಚ್ಚು, ಲೆಕ್ಕ ಹಾಕಿಯೇ ಹೆಜ್ಜೆಯಿಡಿ.

(ನಿಮ್ಮದು ಮುಖ್ಯ ಗ್ರಿಡ್‌ಗೂ ಜೋಡಿಸಿದ್ದು, ಗರಿಷ್ಠ ಬೇಡಿಕೆಗೆ ಶುಲ್ಕವಿದ್ದರೆ ಮಾತು ಬೇರೆ. ಹೆಚ್ಚಿನ ಕಡೆ 15 ಅಥವಾ 30 ನಿಮಿಷದ ಒಂದೇ ಒಂದು ಏರಿಕೆ ಇಡೀ ತಿಂಗಳ ಶುಲ್ಕ ನಿರ್ಧರಿಸುತ್ತದೆ. ಆಗ ಬ್ಯಾಟರಿಯನ್ನು ಆ ಹೊತ್ತಿಗೇ ಕಾದಿಡಬೇಕು.)

ದೊಡ್ಡ ಬ್ಯಾಟರಿ ಸರಿಹೋಗುವ ಜಾಗಗಳೂ ಇವೆ. ಪೆಸಿಫಿಕ್ ಸಾಗರದ ಅಮೆರಿಕನ್ ಸಮೋವಾದ ತಾಉ ದ್ವೀಪಕ್ಕೆ ಡೀಸೆಲ್ ಹಡಗಿನಲ್ಲಿ ಬರಬೇಕಿತ್ತು. 2016ರಲ್ಲಿ ಅಲ್ಲಿ 1.4 ಮೆಗಾವಾಟ್ ಸೋಲಾರ್ ಜೊತೆಗೆ 6 ಮೆಗಾವಾಟ್-ಅವರ್ (6,000 ಯೂನಿಟ್) ಬ್ಯಾಟರಿ ಹಾಕಿದರು, ಬಿಸಿಲಿಲ್ಲದೆ ಮೂರು ದಿನ ದೂಡುವಷ್ಟು. ನಿಮ್ಮಲ್ಲಿ ಡೀಸೆಲ್ ಅಷ್ಟು ತುಟ್ಟಿಯೇ? ಸಾಗಾಟದ ಖರ್ಚನ್ನೂ ಸೇರಿಸಿ ಒಂದು ಯೂನಿಟ್ ಎಷ್ಟಕ್ಕೆ ಬೀಳುತ್ತಿದೆ ಎಂದು ಬರೆದಿಟ್ಟುಕೊಂಡು, ಆಮೇಲೆ ಬ್ಯಾಟರಿಯ ಕೊಟೇಶನ್ ಕೇಳಿ.