ಕಾವಲುಗಾರನನ್ನು ನೇಮಿಸುವವರು ಯಾರು?

2008ರ ಡಿಸೆಂಬರ್ 16. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ನಿರ್ದೇಶಕ ಮಂಡಳಿಯ ಮುಂದೆ ಒಂದು ಪ್ರಸ್ತಾವ ಬಂತು. ಮೇಟಾಸ್ ಹೆಸರಿನ ಎರಡು ಕಂಪನಿಗಳನ್ನು ಕೊಳ್ಳಬೇಕು, ಖರ್ಚು 160 ಕೋಟಿ ಡಾಲರ್. ಎರಡೂ ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬದ ಹಿಡಿತದಲ್ಲಿದ್ದವು. ಸತ್ಯಂ ಅಂತ ಇಂಗ್ಲಿಷಿನಲ್ಲಿ ಬರೆದು ಹಿಂದಿನಿಂದ ಓದಿ ನೋಡಿ, ಮೇಟಾಸ್ ಸಿಗುತ್ತದೆ. ಮುಚ್ಚುಮರೆಯೇನೂ ಇರಲಿಲ್ಲ.

ಮಂಡಳಿಯಲ್ಲಿ ಸ್ವತಂತ್ರ ನಿರ್ದೇಶಕರಿದ್ದರು, ಅಂದರೆ ಮಾಲೀಕರ ಜೊತೆ ನಂಟಿಲ್ಲದೆ ಎಲ್ಲ ಷೇರುದಾರರ ಪರವಾಗಿ ಕಣ್ಣಿಡಬೇಕಾದವರು. ಅವರಲ್ಲಿ ಕೇಂದ್ರದ ಮಾಜಿ ಸಂಪುಟ ಕಾರ್ಯದರ್ಶಿ ಇದ್ದರು, ಹೆಸರಾಂತ ಬಿಸಿನೆಸ್ ಸ್ಕೂಲೊಂದರ ಡೀನ್ ಇದ್ದರು. ಪ್ರಸ್ತಾವ ಒಮ್ಮತದಿಂದಲೇ ಪಾಸಾಯಿತು. ತಡೆದದ್ದು ಷೇರುದಾರರ ಸಿಟ್ಟು. ಅಮೆರಿಕದ ಮಾರುಕಟ್ಟೆಯಲ್ಲಿ ಸತ್ಯಂ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು, ಕೆಲವೇ ಗಂಟೆಗಳಲ್ಲಿ ವ್ಯವಹಾರ ರದ್ದಾಯಿತು. ಮೂರು ವಾರ ಕಳೆದ ಮೇಲೆ, 2009ರ ಜನವರಿ 7ರಂದು, ರಾಜು ಪತ್ರ ಬರೆದು ಒಪ್ಪಿಕೊಂಡರು: ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಅದಕ್ಕೆ ನಾಲ್ಕೇ ತಿಂಗಳ ಹಿಂದೆ ಈ ಕಂಪನಿಗೆ ಒಳ್ಳೆಯ ಆಡಳಿತಕ್ಕಾಗಿ ಪ್ರಶಸ್ತಿ ಬಂದಿತ್ತು!

ಸ್ವತಂತ್ರ ನಿರ್ದೇಶಕ ಎಂಬ ಈ ಕಾವಲುಗಾರ ಬಂದದ್ದಾದರೂ ಎಲ್ಲಿಂದ? 1991ರಲ್ಲಿ ಆರ್ಥಿಕತೆ ತೆರೆದುಕೊಂಡಿತು. ಮರುವರ್ಷವೇ ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಹಗರಣ ಹೊರಬಿತ್ತು, ಷೇರುಪೇಟೆಯ ಮೇಲೆ ನಿಗಾ ಇಡುವ ಸೆಬಿಗೆ ಕಾನೂನಿನ ಬಲವೂ ಸಿಕ್ಕಿತು. ವಿದೇಶಿ ಹೂಡಿಕೆದಾರರು ಬೇಕು ಅಂದರೆ ಲೆಕ್ಕ ನಂಬುವಂತಿರಬೇಕು, ಅಲ್ವಾ? 1998ರಲ್ಲಿ ಉದ್ಯಮಿಗಳ ಸಂಘ ಸಿಐಐ ತಾನೇ ಒಂದು ಸಂಹಿತೆ ಬರೆಯಿತು. ಇಷ್ಟವಿದ್ದವರು ಪಾಲಿಸಬಹುದಿತ್ತು. 1999ರಲ್ಲಿ ಸೆಬಿ ಕುಮಾರಮಂಗಲಂ ಬಿರ್ಲಾ ಸಮಿತಿ ನೇಮಿಸಿತು. ಮಂಡಳಿಯಲ್ಲಿ ಸ್ವತಂತ್ರ ನಿರ್ದೇಶಕರು ಇರಬೇಕು ಎಂಬ ಅದರ ಶಿಫಾರಸು 2000ದಲ್ಲಿ ‘ಕಲಂ 49’ ಆಗಿ, ಕಂಪನಿಗಳು ಷೇರುಪೇಟೆಯ ಜೊತೆ ಮಾಡಿಕೊಳ್ಳುವ ಒಪ್ಪಂದಕ್ಕೆ ಸೇರಿತು.

ಈ ಕಲಂಗೆ ಹಲ್ಲೇ ಇರಲಿಲ್ಲ. ಅದನ್ನು ಮೀರಿದ ಕಂಪನಿಯನ್ನು ಷೇರುಪೇಟೆಯಿಂದ ಹೊರಹಾಕುವುದೇ ದೊಡ್ಡ ಶಿಕ್ಷೆ. ಹೊರಹಾಕಿದರೆ ಷೇರು ಮಾರಲಾಗದೆ ಕೈ ಸುಟ್ಟುಕೊಳ್ಳುವವರು ಸಣ್ಣ ಹೂಡಿಕೆದಾರರೇ! ದೊಡ್ಡ ದಂಡ, ಅಂದರೆ 25 ಕೋಟಿ ರೂಪಾಯಿವರೆಗೆ, ಕಾನೂನಿಗೆ ಬಂದದ್ದು 2004ರಲ್ಲಿ.

ಆದರೆ ನನ್ನ ತಕರಾರು ದಂಡದ ಬಗ್ಗೆ ಅಲ್ಲ. ಈ ಔಷಧಿಯೇ ಬೇರೆ ರೋಗಕ್ಕೆ ಮಾಡಿದ್ದು. ಬ್ರಿಟನ್, ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಷೇರು ಸಾವಿರಾರು ಜನರಲ್ಲಿ ಹಂಚಿಹೋಗಿರುತ್ತದೆ. ಅಲ್ಲಿನ ಭಯ, ಸಂಬಳಕ್ಕಿರುವ ಮ್ಯಾನೇಜರ್ ಮಾಲೀಕನಂತೆ ಮೆರೆದರೆ ಏನು ಗತಿ ಎಂಬುದು. ಭಾರತದಲ್ಲಿ ಬಹಳಷ್ಟು ಕಂಪನಿಗಳಿಗೆ ಪ್ರವರ್ತಕ ಕುಟುಂಬವೇ, ಅಂದರೆ ಕಂಪನಿ ಕಟ್ಟಿ ಹಿಡಿತ ಇಟ್ಟುಕೊಂಡ ಮನೆತನವೇ, ಯಜಮಾನ. ಮ್ಯಾನೇಜರ್ ಅವರ ಮಾತು ಮೀರುವುದಿಲ್ಲ. ಇಲ್ಲಿನ ಭಯ ಮೇಟಾಸ್‌ನಂಥದ್ದು: ಎಲ್ಲರ ದುಡ್ಡು ಸುಮ್ನೆ ಮನೆಯವರ ಕಂಪನಿಗೆ ಹರಿಯುವುದು. ಅದನ್ನು ತಡೆಯಬೇಕಾದ ನಿರ್ದೇಶಕನನ್ನು ಆರಿಸುವ ಮತವೂ ಅದೇ ಕುಟುಂಬದ ಕೈಯಲ್ಲಿ ಜಾಸ್ತಿ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ 2013ರಲ್ಲಿ ಹೊಸ ಕಂಪನಿ ಕಾಯ್ದೆ ಬಂತು. ಷೇರುಪೇಟೆಯ ಕಂಪನಿಗಳಲ್ಲಿ ಮೂರನೇ ಒಂದು ಭಾಗ ಸ್ವತಂತ್ರ ನಿರ್ದೇಶಕರು, ಆಡಿಟರ್‌ಗಳ ಬದಲಾವಣೆ, ಬಂಧುಗಳ ಜೊತೆಗಿನ ವ್ಯವಹಾರಕ್ಕೆ ಕಟ್ಟುಪಾಡು. ಒಳ್ಳೆಯದೇ. ಆದರೂ 2016ರ ಡಿಸೆಂಬರ್‌ನಲ್ಲಿ ಟಾಟಾ ಸಮೂಹಕ್ಕೂ ಅದು ಕೆಳಗಿಳಿಸಿದ ಅಧ್ಯಕ್ಷ ಸೈರಸ್ ಮಿಸ್ತ್ರಿಗೂ ನಡೆದ ಜಗಳದ ನಡುವೆ ಉದ್ಯಮಿ ನುಸ್ಲಿ ವಾಡಿಯಾ ಅವರನ್ನು ಮೂರು ಟಾಟಾ ಕಂಪನಿಗಳ ಸ್ವತಂತ್ರ ನಿರ್ದೇಶಕ ಸ್ಥಾನದಿಂದ ಷೇರುದಾರರ ಮತದ ಮೂಲಕ ತೆಗೆಯಲಾಯಿತು. ನ್ಯಾಯ ಯಾರ ಕಡೆ ಇತ್ತು ಎಂಬುದು ಬೇರೆ ಮಾತು. ಕಾವಲುಗಾರನನ್ನು ಮನೆಗೆ ಕಳಿಸುವುದು ಎಷ್ಟು ಸುಲಭ ಎಂಬುದು ಎಲ್ಲರಿಗೂ ಕಂಡಿತು.

2022ರ ಜನವರಿಯಲ್ಲಿ ಸ್ವತಂತ್ರ ನಿರ್ದೇಶಕರ ನೇಮಕಕ್ಕೂ ವಜಾಕ್ಕೂ ವಿಶೇಷ ನಿರ್ಣಯ ಬೇಕು ಎಂಬ ನಿಯಮ ಜಾರಿಗೆ ಬಂತು. ಅಂದರೆ ವಿರುದ್ಧ ಬಿದ್ದ ಮತದ ಮೂರು ಪಟ್ಟು ಮತ ಪರವಾಗಿ ಬೀಳಬೇಕು. ಸ್ವಲ್ಪ ಲೆಕ್ಕ ಹಾಕಿ. ಪ್ರವರ್ತಕರ ಬಳಿ ಶೇ 60 ಷೇರು ಇದ್ದರೆ, ಅವರ ಪ್ರಸ್ತಾವವನ್ನು ಸೋಲಿಸಲು ಉಳಿದ 40ರಲ್ಲಿ 20ಕ್ಕಿಂತ ಜಾಸ್ತಿ ವಿರುದ್ಧ ಬೀಳಬೇಕು. ಸಣ್ಣ ಷೇರುದಾರರಲ್ಲಿ ಎಷ್ಟೋ ಜನ ಮತ ಹಾಕುವುದೇ ಇಲ್ಲ. ಕಾನೂನು ಬಿಡುವ ಶೇ 75 ಪೂರ್ತಿ ಪ್ರವರ್ತಕರಲ್ಲೇ ಇದ್ದರಂತೂ ಉಳಿದವರೆಲ್ಲ ಒಟ್ಟಾಗಿ ಬೇಡ ಅಂದರೂ ನಿರ್ಣಯ ಪಾಸು.

ಪ್ರವರ್ತಕರನ್ನು ಬಿಟ್ಟು ಉಳಿದವರ ಮತವನ್ನು ಬೇರೆಯಾಗಿ ಎಣಿಸುವ ಆಲೋಚನೆಯನ್ನು ಸೆಬಿಯೇ 2021ರ ಮಾರ್ಚ್‌ನಲ್ಲಿ ಜನರ ಮುಂದಿಟ್ಟಿತ್ತು. ಜೂನ್‌ನಲ್ಲಿ ಅಂತಿಮ ತೀರ್ಮಾನ ಬಂದಾಗ ಅದು ಬಿಟ್ಟುಹೋಗಿತ್ತು.