ಹಕ್ಕುಸ್ವಾಮ್ಯ: ಹಕ್ಕು ಸರಿ, ಸ್ವಾಮ್ಯ ಸರಿ, ಯಾವುದರದ್ದು?

‘ನಮ್ಮ ಸಂಸ್ಥೆಯ ಹೆಸರು, ಘೋಷವಾಕ್ಯ ಹಾಗೂ ವ್ಯಾಪಾರದ ಐಡಿಯಾ ಹಕ್ಕುಸ್ವಾಮ್ಯಕ್ಕೆ ಒಳಪಟ್ಟಿವೆ. ನಕಲು ಮಾಡಿದವರ ಮೇಲೆ ಕೃತಿಚೌರ್ಯದ ಮೊಕದ್ದಮೆ ಹೂಡಲಾಗುವುದು.’ ಮೊನ್ನೆ ಒಂದು ಜಾಲತಾಣದ ತಳದಲ್ಲಿ ಕಂಡ ಸಾಲುಗಳಿವು. ಇಂಥವನ್ನು ಓದಿ ಸುಮ್ಮನೆ ಮುಂದಕ್ಕೆ ಹೋಗುವುದು ನನಗೆ ಅಭ್ಯಾಸವಾಗಿತ್ತು. ಆದರೆ ಎರಡು ವಾಕ್ಯಕ್ಕೆ ನಾಲ್ಕು ತಪ್ಪೆಂದರೆ ಸ್ವಲ್ಪ ಅತಿಯಾಯಿತು.

ತಪ್ಪು ಬರೆದವರದ್ದಷ್ಟೇ ಅಲ್ಲ, ಪದದ್ದೂ ಇದೆ. ‘ಹಕ್ಕು’ ಅರಬ್ಬಿಯಿಂದ ಬಂದದ್ದು, ‘ಸ್ವಾಮ್ಯ’ ಸಂಸ್ಕೃತದ್ದು. ಒಡೆತನವಿದ್ದಲ್ಲಿ ಹಕ್ಕು ಇದ್ದೇ ಇರುತ್ತದೆ. ಎರಡನ್ನೂ ಜೋಡಿಸಿದರೆ ‘ನಡುಮಧ್ಯ’ ಎಂದಂತೆ. ಹೋಗಲಿ, ಯಾವುದರ ಮೇಲಿನ ಹಕ್ಕು ಎಂದರೆ ಪದ ಬಾಯಿ ಬಿಡುವುದಿಲ್ಲ. ಹಾಗಾಗಿಯೇ ಹೆಸರಿಗೆ, ಐಡಿಯಾಕ್ಕೆ, ಬಣ್ಣಕ್ಕೆ, ಕೈಗೆ ಸಿಕ್ಕಿದ್ದಕ್ಕೆಲ್ಲ ಅದನ್ನು ಅಂಟಿಸುತ್ತಾರೆ. ನಮ್ಮಲ್ಲೇ ಇರುವ ‘ಕೃತಿಸ್ವಾಮ್ಯ’ ಎಷ್ಟೋ ವಾಸಿ. ಕೃತಿ ಇದ್ದರೆ ಸ್ವಾಮ್ಯ, ಇಲ್ಲದಿದ್ದರೆ ಇಲ್ಲ. ಅರ್ಧ ಕಾನೂನು ಆ ಒಂದು ಪದದಲ್ಲೇ ಇದೆ.

ಇಂಗ್ಲಿಷಿನ ‘ಕಾಪಿರೈಟ್’ ಕೂಡ ದಾರಿ ತಪ್ಪಿಸುವಂಥದ್ದೇ. ‘ಕಾಪಿ’ಯ ಬೇರು ಲ್ಯಾಟಿನ್ನಿನ ‘ಕೋಪಿಯಾ’, ಅಂದರೆ ಸಮೃದ್ಧಿ. ಒಂದಿದ್ದದ್ದು ಹಲವಾಗುವುದರಿಂದ ನಕಲಿನ ಅರ್ಥ ಬಂತು. ಮುದ್ರಣ ಶುರುವಾದ ಮೇಲೆ ಲಂಡನ್ನಿನ ಅಚ್ಚುಮನೆಗಳಲ್ಲಿ ‘ಕಾಪಿ’ ಎಂದರೆ ಅಕ್ಷರದ ಮೊಳೆ ಜೋಡಿಸುವವನ ಮುಂದಿಡುವ ಬರಹ, ಅಂದರೆ ನಕಲಿನ ತದ್ವಿರುದ್ಧ. ಪತ್ರಿಕಾ ಕಚೇರಿಗಳಲ್ಲಿ ‘ಕಾಪಿ ಬಂತಾ?’ ಎಂದು ಇಂದಿಗೂ ಕೇಳುವುದು ಈ ಅರ್ಥದಲ್ಲೇ. ಕನ್ನಡದ ‘ಪ್ರತಿ’ಯದ್ದೂ ಅದೇ ಕತೆ: ಹಸ್ತಪ್ರತಿಯೂ ಪ್ರತಿಯೇ, ಅದರಿಂದ ಅಚ್ಚಾದ ಸಾವಿರವೂ ಪ್ರತಿಗಳೇ. 1557ರಲ್ಲಿ ರಾಜಸನ್ನದು ಪಡೆದ, ಲಂಡನ್ನಿನ ಮುದ್ರಕರ ಹಾಗೂ ಪುಸ್ತಕ ವ್ಯಾಪಾರಿಗಳ ಸಂಘವಾದ ‘ಸ್ಟೇಷನರ್ಸ್ ಕಂಪನಿ’ಯ ದಫ್ತರಿನಲ್ಲಿ ಯಾರ ಹೆಸರಿನ ಮುಂದೆ ‘ಕಾಪಿ’ ದಾಖಲಾಯಿತೋ ಅವರೇ ಅದನ್ನು ಅಚ್ಚು ಹಾಕಬೇಕು, ಬೇರೆಯವರು ಮುಟ್ಟುವಂತಿರಲಿಲ್ಲ. ಬರೆದವನನ್ನು ಕೇಳುವವರೇ ಇರಲಿಲ್ಲ. ಅವನ ಹಕ್ಕು ಶಾಸನದಲ್ಲಿ ಕಾಣಿಸಿಕೊಂಡದ್ದು 1710ರಲ್ಲಿ, ರಾಣಿ ಆ್ಯನ್ ಕಾಲದ ಕಾಯಿದೆಯಲ್ಲಿ. ಅದೂ 14 ವರ್ಷಕ್ಕೆ. ಅಷ್ಟು ಹೊತ್ತಿಗೆ ಬದುಕಿದ್ದರೆ ಇನ್ನೊಂದು 14. ಫ್ರೆಂಚರು, ಜರ್ಮನರು ಪ್ರತಿಯ ಗೊಡವೆಗೇ ಹೋಗದೆ ತಮ್ಮ ಪದವನ್ನು ‘ಕರ್ತೃವಿನ ಹಕ್ಕು’ ಎಂದೇ ಕಟ್ಟಿಕೊಂಡರು. ಜಾಹೀರಾತು ಬರೆಯುವ ಕಾಪಿರೈಟರ್‌ಗೂ ಕಾಪಿರೈಟ್‌ಗೂ ‘ಕಾಪಿ’ ಒಂದೇ, ‘ರೈಟ್’ನಲ್ಲಿ ಮಾತ್ರ ಉಚ್ಚಾರದ ನಂಟಷ್ಟೇ: ಅಲ್ಲಿ ಬರೆಯುವುದು, ಇಲ್ಲಿ ಹಕ್ಕು. ಅದನ್ನೂ ಬಿಡಿಸಿ ಹೇಳಬೇಕಾಗಿ ಬಂದದ್ದಕ್ಕೆ ಬೇಸರವಿದೆ.

ಈಗ ಆ ಸಾಲುಗಳಿಗೆ ಬರೋಣ. ಸಂಸ್ಥೆಯ ಹೆಸರು ಕೃತಿಯಲ್ಲ. ನಾಲ್ಕು ಪದದ ಘೋಷವಾಕ್ಯವೂ ಸಾಮಾನ್ಯವಾಗಿ ಅಲ್ಲ. ಅವುಗಳ ಜಾಗ ಟ್ರೇಡ್‌ಮಾರ್ಕ್. ಲೋಗೊ ಮಾತ್ರ ಎರಡೂ ಕಡೆ ಕಾಲಿಡಬಲ್ಲದು: ಬಿಡಿಸಿದ ಚಿತ್ರವಾಗಿ ಕೃತಿ, ವ್ಯಾಪಾರದ ಗುರುತಾಗಿ ಟ್ರೇಡ್‌ಮಾರ್ಕ್.

ಐಡಿಯಾ? ಬೌದ್ಧಿಕ ಆಸ್ತಿ ಕುರಿತ, ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 9ನೇ ವಿಧಿ ಇದನ್ನು ನೇರವಾಗಿ ಹೇಳಿಬಿಟ್ಟಿದೆ: ರಕ್ಷಣೆ ಇರುವುದು ಅಭಿವ್ಯಕ್ತಿಗೆ; ವಿಚಾರಕ್ಕೆ, ಕಾರ್ಯವಿಧಾನಕ್ಕೆ, ಗಣಿತದ ಪರಿಕಲ್ಪನೆಗೆ ಅಲ್ಲ. ಇದಕ್ಕೂ ನೂರಕ್ಕೂ ಹೆಚ್ಚು ವರ್ಷ ಹಿಂದೆಯೇ ಅಮೆರಿಕದ ಸುಪ್ರೀಂ ಕೋರ್ಟ್ ಲೆಕ್ಕ ಬರೆಯುವ ಪದ್ಧತಿಯೊಂದರ ಜಗಳದಲ್ಲಿ ಇದನ್ನೇ ಹೇಳಿತ್ತು. ಸೆಲ್ಡನ್ ಎಂಬಾತ ತನ್ನ ಪದ್ಧತಿಯನ್ನು ಪುಸ್ತಕ ಮಾಡಿದ್ದ. ಬೇಕರ್ ಎಂಬಾತ ಅದನ್ನೇ ಹೋಲುವ ಗೆರೆ ಹಾಕಿದ ಫಾರಂ ಮಾಡಿ ಮಾರಿದ. ಪುಸ್ತಕದ ಬರಹ ಸೆಲ್ಡನ್‌ನದು, ಪದ್ಧತಿ ಎಲ್ಲರದು ಎಂದಿತು ನ್ಯಾಯಾಲಯ. ಆ್ಯಪ್‌ನ ಕೋಡ್ ಅದನ್ನು ಬರೆದವರ ಕೃತಿ. ‘ಮನೆಬಾಗಿಲಿಗೆ ತಂದುಕೊಡುತ್ತೇವೆ’ ಎಂಬ ಯೋಚನೆ ಯಾರ ಕೃತಿಯೂ ಅಲ್ಲ, ಮೊದಲು ಹೊಳೆದದ್ದು ನಿಮಗೇ ಆಗಿದ್ದರೂ.

ನಾಲ್ಕನೆಯದು, ನನಗೆ ಎಲ್ಲಕ್ಕಿಂತ ರೇಗುವುದು: ಕೃತಿಚೌರ್ಯ. ಇನ್ನೊಬ್ಬರದನ್ನು ತನ್ನದೆಂದು ತೋರಿಸಿಕೊಳ್ಳುವುದು ಕೃತಿಚೌರ್ಯ; ಅದು ಪ್ರಾಮಾಣಿಕತೆಯ ಪ್ರಶ್ನೆ. ಅನುಮತಿ ಇಲ್ಲದೆ ಬಳಸುವುದು ಹಕ್ಕುಸ್ವಾಮ್ಯದ ಉಲ್ಲಂಘನೆ, ಅದು ಕಾನೂನಿನದು. ಎರಡು ಶತಮಾನದ ಹಿಂದಿನ ಕವಿಯ ಪದ್ಯಕ್ಕೆ ನನ್ನ ಹೆಸರು ಹಾಕಿಕೊಂಡರೆ ಕೃತಿಚೌರ್ಯ ಹೌದು, ಉಲ್ಲಂಘನೆ ಅಲ್ಲ, ಏಕೆಂದರೆ ಅದರ ಅವಧಿ ಎಂದೋ ಮುಗಿದಿದೆ. ಛಾಯಾಗ್ರಾಹಕಿಯ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ, ಅವರನ್ನು ಕೇಳದೆ ಫೋಟೊವನ್ನು ಜಾಹೀರಾತಿಗೆ ಬಳಸಿದರೆ ಕೃತಿಚೌರ್ಯವಲ್ಲ, ಉಲ್ಲಂಘನೆ. ಈ ಎರಡನೆಯದನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ‘ಕೃಪೆ ಅಂತ ಹಾಕಿದ್ದೀವಲ್ಲ ಸಾರ್!’ ಕೃಪೆ ಅವರು ತೋರಬೇಕಾದದ್ದು, ನಾವೇ ಬರೆದುಕೊಳ್ಳುವುದಲ್ಲ. ‘ಚಿತ್ರಕೃಪೆ: ಇಂಟರ್ನೆಟ್’ ಅಂತೂ ‘ದಾರಿಯಲ್ಲಿ ಸಿಕ್ಕಿತು’ ಎಂದು ಬರೆದುಕೊಟ್ಟ ತಪ್ಪೊಪ್ಪಿಗೆ. ಮೇಲೆ ಹೇಳಿದ ಜಾಲತಾಣದ ಫೋಟೊಗಳ ಕೆಳಗೂ ಅದೇ ಇತ್ತು.

‘ದುಡ್ಡು ಕೊಟ್ಟು ಮಾಡಿಸಿದ್ದು, ನಮ್ಮದೇ’ ಎನ್ನುವವರಿಗೂ ಒಂದು ಮಾತು. ಸಂಬಳದ ನೌಕರರು ಕೆಲಸದ ಭಾಗವಾಗಿ ಮಾಡಿದ್ದು ಬಹಳ ದೇಶಗಳಲ್ಲಿ ಸಂಸ್ಥೆಯದಾಗುತ್ತದೆ. ಹೊರಗಿನ ಡಿಸೈನರ್‌ಗೆ, ಕೋಡ್ ಬರೆಯುವವರಿಗೆ ಬಿಲ್ ಪಾವತಿ ಮಾಡಿದ ಮಾತ್ರಕ್ಕೆ ಹಾಗಾಗದು. ಒಡೆತನವೇ ಬೇಕಿದ್ದರೆ ವರ್ಗಾವಣೆ ಪತ್ರ, ಬಳಸಿದರೆ ಸಾಕು ಎಂದಿದ್ದರೆ ಪರವಾನಗಿ, ಎರಡೂ ಬರಹದಲ್ಲಿರಲಿ. ಜರ್ಮನಿಯಲ್ಲಂತೂ ಬದುಕಿರುವ ಕರ್ತೃ ತನ್ನ ಹಕ್ಕುಸ್ವಾಮ್ಯವನ್ನು ಮಾರಲೂ ಆಗದು, ಬಳಕೆಯ ಹಕ್ಕನ್ನಷ್ಟೇ ಕೊಡಬಹುದು.

ನೋಂದಣಿ ಮಾಡಿಸಿದರೆ ಮಾತ್ರ ಹಕ್ಕು ಎಂಬುದೂ ತಪ್ಪು. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ 1886ರ ಬರ್ನ್ ಒಪ್ಪಂದ 1908ರಲ್ಲಿ ಬರ್ಲಿನ್ನಿನಲ್ಲಿ ಪರಿಷ್ಕರಣೆಯಾದಾಗಲೇ ಅಂಥ ವಿಧಿವಿಧಾನಗಳ ಷರತ್ತನ್ನು ಕೈಬಿಟ್ಟಿತು. ವೃತ್ತದೊಳಗಿನ ಸಿ ಅಕ್ಷರ ಎಚ್ಚರಿಕೆಯ ಫಲಕ, ಹಕ್ಕುಪತ್ರವಲ್ಲ. ಆದರೂ ನೋಂದಣಿ ಪುರಾವೆಗೆ ಬರುತ್ತದೆ; ಅಮೆರಿಕದಲ್ಲಿ ಅಲ್ಲಿನದೇ ಕೃತಿಗಾಗಿ ದಾವೆ ಹೂಡಲು ಅದು ಬೇಕೇ ಬೇಕು.

ಇನ್ನು ಜಗಳ. ‘ಉಲ್ಲಂಘನೆ’ಯ ಮೂಲಾರ್ಥ ಜಿಗಿದು ದಾಟುವುದು, ಸಾಗರೋಲ್ಲಂಘನ ನೆನಪಿಸಿಕೊಳ್ಳಿ. ಬೇಲಿ ದಾಟಿದವರಿಗೆಲ್ಲ ಕದಿಯುವ ಉದ್ದೇಶ ಇರಬೇಕೆಂದಿಲ್ಲ, ಉದ್ದೇಶವಿಲ್ಲದೆಯೂ ಉಲ್ಲಂಘನೆಯಾಗಬಹುದು. ಆದ್ದರಿಂದ ಮೊದಲ ಪತ್ರದಲ್ಲೇ ‘ಕಳ್ಳ’ ಎಂದು ಬರೆಯಬೇಡಿ. ಯಾವ ಕೃತಿ, ಎಲ್ಲಿ ಬಳಕೆಯಾಗಿದೆ, ನಿಮಗೆ ಏನಾಗಬೇಕು ಎಂಬುದಷ್ಟೇ ಇರಲಿ. ತಾರೀಖಿರುವ ಕರಡು, ಮೂಲ ಫೈಲು, ಅವರ ಪುಟದ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಟ್ಟುಕೊಳ್ಳಿ. ಎಷ್ಟೋ ಜಗಳ ಪರವಾನಗಿ ಶುಲ್ಕದಲ್ಲಿ ಮುಗಿಯುತ್ತವೆ. ಮುಗಿಯದಿದ್ದರೆ ಮಧ್ಯಸ್ಥಿಕೆ, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ಇದಕ್ಕೆಂದೇ 1994ರಿಂದ ಒಂದು ಕೇಂದ್ರ ನಡೆಸುತ್ತಿದೆ. ತಡೆಯಾಜ್ಞೆಗೆ, ಪರಿಹಾರಕ್ಕೆ ನ್ಯಾಯಾಲಯ ಹೇಗೂ ಇದೆ.

ಜಾಲತಾಣಗಳಿಗೆ ‘ತೆಗೆದುಹಾಕಿ’ ಎಂದು ದೂರು ಕೊಡುವಾಗ ಪದದ ಗೊಂದಲಕ್ಕೆ ಬೆಲೆ ತೆರಬೇಕಾಗುತ್ತದೆ. ಹೆಸರಿನ ತಕರಾರನ್ನು ಹಕ್ಕುಸ್ವಾಮ್ಯದ ಫಾರಂನಲ್ಲಿ ತುಂಬಿದರೆ ದೂರು ತಿರಸ್ಕೃತವಾಗಬಹುದು. ಗೊತ್ತಿದ್ದೂ ಸುಳ್ಳು ದೂರು ಕೊಟ್ಟರೆ ಅಮೆರಿಕದ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯಿದೆಯಡಿ ದೂರು ಕೊಟ್ಟವರೇ ನಷ್ಟ ತುಂಬಿಕೊಡಬೇಕಾಗುತ್ತದೆ.