ಒಂದು ಬದಿ ತಂಪು, ಇನ್ನೊಂದು ಬದಿ ಸೆಕೆ: ಕಾರಿನ ಎ.ಸಿ. ದೋಷವನ್ನು ಪತ್ತೆಹಚ್ಚುವ ಕ್ರಮ

ಚಾಲಕನ ಮುಂದಿನ ಕಿಂಡಿಯಿಂದ ಚೆನ್ನಾಗಿ ತಣ್ಣನೆಯ ಗಾಳಿ ಬರುತ್ತಿದೆ, ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಸೆಕೆ ತಪ್ಪುತ್ತಿಲ್ಲ ಎಂಬ ದೂರಿನೊಂದಿಗೆ ನನ್ನ ಬಳಿಗೆ ಬರುವ ಕಾರುಗಳಲ್ಲಿ ಹೆಚ್ಚಿನವುಗಳ ಮಾಲೀಕರಿಗೆ, ಡ್ಯಾಶ್‌ಬೋರ್ಡ್ ಬಿಚ್ಚಿಸಬೇಕೆಂಬ ಸಲಹೆ ಅದಾಗಲೇ ಯಾರಿಂದಲೋ ಸಿಕ್ಕಿರುತ್ತದೆ. ಬಿಸಿ ಗಾಳಿಯನ್ನೂ ತಣ್ಣನೆಯ ಗಾಳಿಯನ್ನೂ ಬೆರೆಸುವ ಫ್ಲಾಪ್ ಕೆಟ್ಟಿರಬೇಕು ಎಂಬುದು ಆ ಸಲಹೆಯ ಹಿಂದಿನ ತರ್ಕ. ತರ್ಕ ತಪ್ಪೇನಲ್ಲ. ಆದರೆ ಎ.ಸಿ.ಯೊಳಗೆ ಸುತ್ತುತ್ತಾ ತಂಪು ಕೊಡುವ ಗ್ಯಾಸ್ ಕಡಿಮೆಯಾದಾಗಲೂ ಥೇಟ್ ಇದೇ ಲಕ್ಷಣ ಕಾಣಿಸಿಕೊಳ್ಳುತ್ತದೆ, ಮತ್ತು ಅದನ್ನು ಖಚಿತಪಡಿಸಿಕೊಳ್ಳಲು ಡ್ಯಾಶ್‌ಬೋರ್ಡಿನ ಒಂದು ಸ್ಕ್ರೂವನ್ನೂ ಸಡಿಲಿಸಬೇಕಾಗಿಲ್ಲ.

ಮೊದಲು ಆಗಬೇಕಾದ ಕೆಲಸ ಅಳತೆ. ಕಿಂಡಿಗೆ ಕೈಯೊಡ್ಡಿ ನೋಡುವುದನ್ನು ಅಳತೆ ಎನ್ನಲಾಗದು, ಏಕೆಂದರೆ ಗಾಳಿ ರಭಸವಾಗಿ ಬೀಸಿದರೆ ಅದೂ ಕೈಗೆ ತಂಪೆಂದೇ ತೋರುತ್ತದೆ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಎಂಜಿನ್ನನ್ನು ನಿಮಿಷಕ್ಕೆ ಸುಮಾರು 1500 ಸುತ್ತಿನಲ್ಲಿ ಓಡಿಸುತ್ತಾ, ಒಳಗಿನ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುವ ರೀಸರ್ಕ್ಯುಲೇಶನ್ ಗುಂಡಿಯನ್ನು ಒತ್ತಿ, ಎರಡೂ ಬದಿಯ ತಾಪಮಾನವನ್ನು ಕನಿಷ್ಠಕ್ಕೆ ಇಳಿಸಿ, ಬ್ಲೋವರನ್ನು ಮಧ್ಯಮ ವೇಗದಲ್ಲಿಟ್ಟು ಹತ್ತು ನಿಮಿಷ ಕಾದ ಮೇಲೆ, ಪ್ರತಿ ಕಿಂಡಿಯೊಳಗೂ ಥರ್ಮಾಮೀಟರಿನ ಕಡ್ಡಿಯನ್ನು ತೂರಿಸಿ ಅಂಕಿಗಳನ್ನು ಬರೆದುಕೊಳ್ಳಬೇಕು. ಗುರಿಯಿಟ್ಟು ಗುಂಡಿಯೊತ್ತುವ ಇನ್‌ಫ್ರಾರೆಡ್ ಗನ್ ಇಲ್ಲಿ ಕೆಲಸಕ್ಕೆ ಬಾರದು, ಅದು ತೋರಿಸುವುದು ಕಿಂಡಿಯ ಪ್ಲಾಸ್ಟಿಕ್ಕಿನ ತಾಪಮಾನವನ್ನೇ ಹೊರತು ಗಾಳಿಯದ್ದನ್ನಲ್ಲ. ಬಾಗಿಲ ಪಕ್ಕದ ಕಿಂಡಿಗಳಿಗೆ ಗಾಳಿ ಉದ್ದದ ಕೊಳವೆಯನ್ನು ದಾಟಿ ಬರಬೇಕಾದ್ದರಿಂದ ಅಲ್ಲಿ ಎರಡು ಮೂರು ಡಿಗ್ರಿ ಹೆಚ್ಚಿದ್ದರೆ ಚಿಂತಿಸಬೇಕಾಗಿಲ್ಲ. ಒಂದಕ್ಕೊಂದು ಅಂಟಿಕೊಂಡಂತಿರುವ ನಡುವಿನ ಎರಡು ಕಿಂಡಿಗಳಲ್ಲೇ ಐದಾರು ಡಿಗ್ರಿ ಅಂತರವಿದ್ದರೆ ದೋಷ ಇದೆಯೆಂದೇ ಅರ್ಥ.

ಗ್ಯಾಸ್ ಕಡಿಮೆಯಾದರೆ ಎರಡೂ ಬದಿ ಒಂದೇ ಸಮನಾಗಿ ಬೆಚ್ಚಗಾಗಬೇಕಲ್ಲವೇ ಎಂದು ಕೇಳುವವರಿದ್ದಾರೆ. ಡ್ಯಾಶ್‌ಬೋರ್ಡಿನೊಳಗೆ ಕೂತಿರುವ ಇವ್ಯಾಪರೇಟರ್, ಅಂದರೆ ವರ್ಕ್‌ಶಾಪಿನ ಮಾತಿನ ಕೂಲಿಂಗ್ ಕಾಯಿಲ್, ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಿದರೆ ಉತ್ತರ ಸಿಗುತ್ತದೆ. ಒತ್ತಡವನ್ನು ತಗ್ಗಿಸುವ ಎಕ್ಸ್‌ಪಾನ್ಶನ್ ವಾಲ್ವನ್ನು ದಾಟಿದ ಗ್ಯಾಸ್ ಬಹುಪಾಲು ದ್ರವರೂಪದಲ್ಲಿಯೇ ಕಾಯಿಲ್‌ನ ಒಂದು ತುದಿಯಿಂದ ಒಳಹೊಗುತ್ತದೆ. ಆರ್-134ಎ ಎಂಬ ಬಗೆಯ ಗ್ಯಾಸ್ ಆದರೆ, ಗೇಜಿನಲ್ಲಿ ಸುಮಾರು 2 ಬಾರ್ ಒತ್ತಡವಿರುವಾಗ ಅದು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕುದಿಯುತ್ತದೆ, ಮತ್ತು ಹಾಗೆ ಕುದಿಯುವಾಗಲೇ ಕಾಯಿಲ್‌ನ ಮೂಲಕ ಹಾಯುವ ಗಾಳಿಯಿಂದ ಶಾಖವನ್ನು ಸೆಳೆದುಕೊಳ್ಳುತ್ತದೆ. ದ್ರವವೆಲ್ಲ ಆವಿಯಾಗಿ ಮುಗಿದ ಮೇಲೆ ಉಳಿದ ಕೊಳವೆಗಳಲ್ಲಿ ಹರಿಯುವ ಬರೀ ಆವಿಗೆ ಶಾಖ ಹೀರುವ ಶಕ್ತಿ ತೀರಾ ಕಡಿಮೆ. ಸರಿಯಾದ ಪ್ರಮಾಣದಲ್ಲಿ ಗ್ಯಾಸ್ ಇದ್ದಾಗ ದ್ರವವು ಕಾಯಿಲ್‌ನ ಕೊನೆಯವರೆಗೂ ತಲುಪುತ್ತದೆ, ಕಡಿಮೆಯಾದಾಗ ಅರ್ಧ ದಾರಿಯಲ್ಲೇ ಬತ್ತಿಹೋಗುತ್ತದೆ. ಕಾಲುವೆಯಲ್ಲಿ ನೀರು ಕಡಿಮೆಯಾದರೆ ಬತ್ತುವುದು ಮೊದಲು ಕೊನೆಯ ಗದ್ದೆ. ತಣ್ಣಗಿರುವ ಅರ್ಧದ ಮೂಲಕ ಬಂದ ಗಾಳಿ ಒಂದು ಬದಿಗೂ, ಬೆಚ್ಚಗಿರುವ ಅರ್ಧದ ಮೂಲಕ ಬಂದದ್ದು ಇನ್ನೊಂದು ಬದಿಗೂ ಹೋಗುತ್ತದೆ. ಬ್ಲೋವರಿನ ವೇಗವನ್ನು ತಗ್ಗಿಸಿದಾಗ ಈ ಅಂತರ ಕಿರಿದಾಗುತ್ತಾ ಬಂದರೆ ನನ್ನ ಅನುಮಾನ ಗ್ಯಾಸಿನ ಕಡೆಗೇ ವಾಲುತ್ತದೆ, ಏಕೆಂದರೆ ಗಾಳಿಯ ಹೊರೆ ಇಳಿದಾಗ ಇದ್ದಷ್ಟು ದ್ರವವೇ ಇನ್ನೂ ಸ್ವಲ್ಪ ದೂರ ಸಾಗುತ್ತದೆ.

ಇಲ್ಲಿ ಹಲವರು ಎಡವುವುದು ಗೇಜಿನ ವಿಷಯದಲ್ಲಿ. ಎಂಜಿನ್ ನಿಂತಿರುವಾಗ ಗೇಜ್ ಜೋಡಿಸಿ, ಒತ್ತಡ ಸರಿಯಾಗಿದೆ, ಆದ್ದರಿಂದ ಗ್ಯಾಸ್ ತುಂಬಿದೆ ಎಂದು ತೀರ್ಮಾನಿಸುವವರನ್ನು ನೋಡುತ್ತಲೇ ಇರುತ್ತೇನೆ. ಕೊಳವೆಯೊಳಗೆ ಸ್ವಲ್ಪವಾದರೂ ದ್ರವ ಉಳಿದಿರುವವರೆಗೆ ನಿಂತ ಒತ್ತಡವನ್ನು ನಿರ್ಧರಿಸುವುದು ತಾಪಮಾನವೊಂದೇ. 30 ಡಿಗ್ರಿಯಲ್ಲಿ ಆರ್-134ಎ ಗೇಜಿನಲ್ಲಿ ಸುಮಾರು 6.7 ಬಾರ್ ತೋರಿಸುತ್ತದೆ, ಒಳಗಿರುವುದು 300 ಗ್ರಾಂ ಆದರೂ ಅಷ್ಟೇ, 500 ಗ್ರಾಂ ಆದರೂ ಅಷ್ಟೇ. ಅಡುಗೆಮನೆಯ ಗ್ಯಾಸ್ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಎತ್ತಿ ನೋಡುತ್ತೇವಲ್ಲ, ಅದೇ ನಿಯಮ ಇಲ್ಲಿಯೂ ಅನ್ವಯಿಸುತ್ತದೆ: ತೂಕವೇ ಪ್ರಮಾಣ. ಇರುವ ಗ್ಯಾಸನ್ನು ರಿಕವರಿ ಯಂತ್ರದಿಂದ ಹೊರತೆಗೆದು ತೂಗಿ, ಬಾನೆಟ್ಟಿನಡಿಯ ಸ್ಟಿಕ್ಕರಿನಲ್ಲಿ ತಯಾರಕರು ನಮೂದಿಸಿರುವ ಗ್ರಾಮುಗಳೊಂದಿಗೆ ಹೋಲಿಸಿ ನೋಡುವುದಕ್ಕಿಂತ ನಂಬಿಕಸ್ಥ ಪರೀಕ್ಷೆ ಇನ್ನೊಂದಿಲ್ಲ. ಹೊಸ ಕಾರುಗಳಲ್ಲಿ ಆರ್-1234ವೈಎಫ್ ಎಂಬ ಬೇರೆ ಗ್ಯಾಸ್ ಇರಬಹುದು. ಅದು ಸ್ವಲ್ಪ ಮಟ್ಟಿಗೆ ಉರಿಯಬಲ್ಲ ಅನಿಲ, ಆದ್ದರಿಂದ ಅದಕ್ಕೆ ಅದರದೇ ಯಂತ್ರ ಬೇಕು.

ಒಂದು ಕಾರಿಗೆ ಬೇರೊಂದು ಕಡೆ ಎರಡು ಬಾರಿ ಫ್ಲಾಪಿನ ಮೋಟರ್ ಬದಲಾಯಿಸಲಾಗಿತ್ತು. ನಾನು ಅಳೆದಾಗ ಚಾಲಕನ ಬದಿ 9 ಡಿಗ್ರಿ, ಪಕ್ಕದ ಬದಿ 19 ಡಿಗ್ರಿ ಇತ್ತು. ಸ್ಟಿಕ್ಕರಿನ ಪ್ರಕಾರ 480 ಗ್ರಾಂ ಇರಬೇಕಾಗಿದ್ದಲ್ಲಿ ಹೊರಬಂದದ್ದು 290. ಗ್ಯಾಸಿನ ಶಾಖವನ್ನು ಹೊರಗಿನ ಗಾಳಿಗೆ ಬಿಡುವ, ಕಾರಿನ ಮುಂಭಾಗದ ಕಂಡೆನ್ಸರಿನ ಕೆಳಮೂಲೆಯಲ್ಲಿ, ಕಲ್ಲು ಸಿಡಿದು ರೆಕ್ಕೆಗಳು ಮಡಿಚಿಕೊಂಡಿದ್ದ ಜಾಗದಲ್ಲಿ, ಧೂಳು ಕಚ್ಚಿಕೊಂಡ ಎಣ್ಣೆಯ ಕಲೆಯೊಂದು ಕಾಣಿಸಿತು. ಗ್ಯಾಸಿನ ಜೊತೆಗೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ ಸೋರುವ ಕಡೆ ಹೀಗೆ ಜಿಡ್ಡು ಕಟ್ಟುತ್ತದೆ. ಕಂಡೆನ್ಸರ್ ಬದಲಿಸಿ, ವ್ಯಾಕ್ಯೂಮ್ ಎಳೆದು, ತೂಕಕ್ಕೆ ಸರಿಯಾಗಿ ಗ್ಯಾಸ್ ತುಂಬಿದ ಮೇಲೆ ಎರಡು ಬದಿಗಳ ನಡುವೆ ಒಂದು ಡಿಗ್ರಿಯ ವ್ಯತ್ಯಾಸ ಮಾತ್ರ ಉಳಿಯಿತು. ಸೋರಿಕೆಯನ್ನು ಹುಡುಕದೆ ಬರೀ ಗ್ಯಾಸ್ ತುಂಬಿ ಕಳಿಸಿದ್ದರೂ ಆ ದಿನ ಅದೇ ಅಂಕಿಗಳೇ ಬರುತ್ತಿದ್ದವು, ಆದರೆ ಕಾರು ಕೆಲವು ತಿಂಗಳಲ್ಲಿ ಮರಳಿ ಬರುತ್ತಿತ್ತು.

ತೂಕ ಸರಿಯಿದ್ದರೆ ಆಗ ಫ್ಲಾಪಿನ ಸರದಿ. ಅನೇಕ ಕಾರುಗಳಲ್ಲಿ ಎಂಜಿನ್ನಿನ ಬಿಸಿನೀರು ಹೀಟರ್ ಕೋರಿನ ಮೂಲಕ ಸದಾ ಹರಿಯುತ್ತಲೇ ಇರುತ್ತದೆ, ಅದರ ಶಾಖ ಗಾಳಿಗೆ ತಾಗದಂತೆ ತಡೆಯುವುದು ಫ್ಲಾಪ್ ಮಾತ್ರ. ಅಂಥ ಕಾರಿನಲ್ಲಿ, ಹೀಟರಿಗೆ ಹೋಗುವ ರಬ್ಬರ್ ಹೋಸನ್ನು ನುಣುಪಾದ ದವಡೆಯ ಹೋಸ್ ಕ್ಲ್ಯಾಂಪಿನಿಂದ ಕೆಲವು ನಿಮಿಷ ಬಿಗಿಹಿಡಿದಾಗ ಬೆಚ್ಚಗಿದ್ದ ಬದಿಯೂ ತಣ್ಣಗಾದರೆ, ಆ ಬದಿಯ ಫ್ಲಾಪ್ ಪೂರ್ತಿ ಮುಚ್ಚುತ್ತಿಲ್ಲ ಎಂದಾಯಿತು. ಏನೂ ಬದಲಾಗದಿದ್ದರೆ ಮತ್ತೆ ಕಾಯಿಲ್ ಮತ್ತು ಎಕ್ಸ್‌ಪಾನ್ಶನ್ ವಾಲ್ವಿನ ಕಡೆಗೇ ಹೋಗಬೇಕು. ಹಳೆಯ, ಗಡುಸಾದ ಹೋಸಿನ ಮೇಲೆ ಈ ಪ್ರಯೋಗ ಬೇಡ, ಸಾಮಾನ್ಯ ಪಕ್ಕಡದಿಂದಂತೂ ಬೇಡವೇ ಬೇಡ. ಬಿಸಿನೀರಿನ ಬದಲು ವಿದ್ಯುತ್ ಹೀಟರ್ ಇರುವ ವಾಹನಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ.

ಫ್ಲಾಪನ್ನು ತಿರುಗಿಸುವ ಪುಟ್ಟ ಮೋಟರಿನ ಪ್ಲಾಸ್ಟಿಕ್ ಗಿಯರಿನ ಹಲ್ಲು ಮುರಿದಿದ್ದರೆ ಇಗ್ನಿಶನ್ ಹಾಕಿದಾಗ ಡ್ಯಾಶ್‌ಬೋರ್ಡಿನೊಳಗಿನಿಂದ ಟಕ್ ಟಕ್ ಎಂಬ ಸದ್ದು ಕೇಳಿಸುವುದುಂಟು. ಸದ್ದಿಲ್ಲದಿದ್ದರೆ ಸ್ಕ್ಯಾನರ್ ಜೋಡಿಸಿ, ಮೋಟರಿಗೆ ಹೋದ ಆದೇಶವನ್ನೂ ಅದು ತಲುಪಿದ ಸ್ಥಾನವನ್ನೂ ಹೋಲಿಸಿ ನೋಡಬಹುದು. ಬ್ಯಾಟರಿ ಕಳಚಿ ಹಾಕಿದ ಮೇಲೆ ಈ ದೋಷ ಶುರುವಾಗಿದ್ದರೆ, ಭಾಗ ಬದಲಿಸುವ ಮುನ್ನ ಒಮ್ಮೆ ಕ್ಯಾಲಿಬ್ರೇಶನ್, ಅಂದರೆ ಮೋಟರಿಗೆ ಫ್ಲಾಪಿನ ಎರಡು ಕೊನೆಗಳನ್ನು ಮತ್ತೆ ಗುರುತಿಸಿಕೊಡುವ ಕೆಲಸ, ಮಾಡಿಸಿ ನೋಡುವುದು ಜಾಣತನ. ಕಾರು ಓಡುವಾಗ ತಂಪಾಗಿದ್ದು ಸಿಗ್ನಲ್ಲಿನಲ್ಲಿ ನಿಂತಾಗ ಬೆಚ್ಚಗಾಗುವುದು ಬೇರೆಯದೇ ಕಾಯಿಲೆ, ಅದಕ್ಕೆ ಕಂಡೆನ್ಸರಿನ ಫ್ಯಾನನ್ನು ನೋಡಬೇಕು.

ದೋಷವೇ ಇಲ್ಲದ ಅಂತರವೂ ಒಂದಿದೆ. ಎರಡು ಬದಿಗೆ ಪ್ರತ್ಯೇಕ ನಿಯಂತ್ರಣವಿರುವ ಕೆಲವು ಕಾರುಗಳಲ್ಲಿ, ಮುಂಗಾಜಿನ ಬುಡದಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಗುಬುಟಿನಂತೆ ಕೂತಿರುವ ಸೌರ ಸಂವೇದಕವು ಬಿಸಿಲು ಯಾವ ಬದಿಯಿಂದ ಬೀಳುತ್ತಿದೆ ಎಂದು ಗುರುತಿಸಿ ಆ ಬದಿಗೆ ಹೆಚ್ಚು ತಂಪನ್ನು ಕಳಿಸುತ್ತದೆ. ಬೆಳಿಗ್ಗೆ ಕಚೇರಿಗೆ ಹೋಗುವಾಗ ಒಂದು ಬದಿ ಬೆಚ್ಚಗೆ, ಸಂಜೆ ಮರಳುವಾಗ ಇನ್ನೊಂದು ಬದಿ ಬೆಚ್ಚಗೆ ಎಂದು ದೂರುತ್ತಿದ್ದ ಒಬ್ಬರ ಕಾರನ್ನು ಬಿಸಿಲಿಗೆ ನಿಲ್ಲಿಸಿ, ಆಟೋ ವಿಧಾನದಲ್ಲಿ ಎರಡೂ ಬದಿಗೆ 24 ಡಿಗ್ರಿ ಕೊಟ್ಟು, ಆ ಗುಬುಟಿನ ಮೇಲೆ ಮಡಿಚಿದ ಬಟ್ಟೆಯೊಂದನ್ನು ಹಾಕಿದೆ. ಸ್ವಲ್ಪ ಹೊತ್ತಿನಲ್ಲಿ ಎರಡೂ ಥರ್ಮಾಮೀಟರುಗಳು ಒಂದೇ ಅಂಕಿಗೆ ಬಂದು ನಿಂತವು. ಅವರು ಬಟ್ಟೆಯನ್ನು ತೆಗೆದು, ಮತ್ತೆ ಹಾಕಿ, ಇನ್ನೊಮ್ಮೆ ತೆಗೆದು ನೋಡಿ, ಏನನ್ನೂ ರಿಪೇರಿ ಮಾಡಿಸದೆ ಕಾರನ್ನು ಕೊಂಡೊಯ್ದರು.